ನಾಲ್ಕು ಸ್ವಿಚ್, ಆರು ಲಿಂಕ್: ಬದಿಯಡ್ಕದಲ್ಲಿ ಒಂದು ಶನಿವಾರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಶಾಲೆಯೊಂದರಲ್ಲಿ ನಾಲ್ಕು ಕಟ್ಟಡ, ಕಟ್ಟಡಕ್ಕೊಂದು ಸ್ವಿಚ್ (ಕಂಪ್ಯೂಟರು, ಕ್ಯಾಮೆರಾಗಳನ್ನು ಜಾಲಕ್ಕೆ ಸೇರಿಸುವ ಪೆಟ್ಟಿಗೆ): ಆಫೀಸು, ಕಂಪ್ಯೂಟರ್ ಲ್ಯಾಬ್, ತರಗತಿಗಳು, ಲೈಬ್ರರಿ. ಪ್ರತಿಯೊಂದರಿಂದ ಉಳಿದ ಮೂರಕ್ಕೂ ಕೇಬಲ್ ಎಂದರೆ ಒಟ್ಟು ಆರು ಲಿಂಕ್. ಆರೂ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್. ನಮ್ಮಲ್ಲಿ ತುಲಾ ತಿಂಗಳ ಸಿಡಿಲಿಗೆ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಲೇಬಾರದು. ಎರಡೂ ತುದಿಯ ಸ್ವಿಚ್ ಒಟ್ಟಿಗೇ ಸುಟ್ಟುಹೋಗುವುದುಂಟು.

ಆ ಶನಿವಾರದ ಕೆಲಸ ವಿಲ್ಯಾನ್ ಬೇರ್ಪಡಿಸುವುದು, ಅಂದರೆ ಅದೇ ಕೇಬಲುಗಳ ಮೇಲೆ ಸಂಖ್ಯೆ ಕೊಟ್ಟು ಬೇರೆ ಬೇರೆ ಜಾಲ ಮಾಡುವುದು. ಆಫೀಸಿಗೆ 10, ಲ್ಯಾಬಿಗೆ 20, ಸಿಸಿಟಿವಿಗೆ 30, ಸ್ವಿಚ್‌ಗಳ ನಿರ್ವಹಣೆಗೆ 99. ಆಫೀಸಿನಿಂದ ಹೊರಡುವ ಮೂರು ಲಿಂಕ್ ಮಾತ್ರ ಉಳಿಸಿ, ಬಾಕಿ ಮೂರನ್ನು ಬಿಚ್ಚಿಟ್ಟು ಶುರುಮಾಡಿದೆವು. ಈಥರ್ನೆಟ್ ಫ್ರೇಮಿಗೆ (ಕೇಬಲಿನಲ್ಲಿ ಹೋಗುವ ಮಾಹಿತಿಯ ಒಂದು ಕಟ್ಟು) ಇಷ್ಟು ಸುತ್ತು ಎಂಬ ಮಿತಿ ಇಲ್ಲ. ಆರ್‌ಎಸ್‌ಟಿಪಿ (ಹೆಚ್ಚುವರಿ ಲಿಂಕನ್ನು ತಾನೇ ತಡೆದಿಟ್ಟು ವರ್ತುಲ ತಪ್ಪಿಸುವ ವ್ಯವಸ್ಥೆ) ಇಲ್ಲದೆ ವರ್ತುಲ ಕೂಡಿತೋ, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಸಂದೇಶ) ತಿರುಗಿ ತಿರುಗಿ ಇಡೀ ಜಾಲವನ್ನೇ ನಿಲ್ಲಿಸಿಬಿಡುತ್ತದೆ.

ಆರ್‌ಎಸ್‌ಟಿಪಿ ಆನ್ ಮಾಡಿ ಆರೂ ಜೋಡಿಸಿದರೆ, ರೂಟ್ (ಎಲ್ಲ ದಾರಿಗಳೂ ಬಂದು ಸೇರುವ ಮುಖ್ಯ ಸ್ವಿಚ್) ಆಗಿ ಕೂತದ್ದು ಲೈಬ್ರರಿಯ ಹಳೆಯ ಸ್ವಿಚ್! ಆದ್ಯತೆಯ ಸಂಖ್ಯೆ ಸಣ್ಣದಿದ್ದದ್ದು ರೂಟ್; ಎಲ್ಲದರಲ್ಲೂ ಅದು 32768 ಎಂದೇ ಇದ್ದಾಗ ಅತಿ ಸಣ್ಣ ಮ್ಯಾಕ್ ವಿಳಾಸದ್ದೇ (ತಯಾರಕರು ಸಾಧನಕ್ಕೆ ಕೊಟ್ಟ ಸಂಖ್ಯೆ) ಗೆಲ್ಲುತ್ತದೆ. ಲ್ಯಾಬಿನಿಂದ ಆಫೀಸಿಗೆ ನೇರ ಫೈಬರ್ ಇದ್ದೂ ಎಲ್ಲವೂ ಲೈಬ್ರರಿ ಸುತ್ತಿ ಬರುತ್ತಿತ್ತು. ಆಫೀಸಿನದಕ್ಕೆ 4096, ತರಗತಿಯದಕ್ಕೆ 8192 ಕೊಟ್ಟಮೇಲೆ ಸರಿಯಾಯಿತು. ಈ ಸಂಖ್ಯೆ 4096ರ ಗುಣಕವೇ ಆಗಿರಬೇಕು.

ಲ್ಯಾಬಿನ ಒಂದು ಕ್ಯಾಮೆರಾಕ್ಕೆ ಕರೆಂಟಿದೆ, ದೀಪ ಮಿಣುಕುತ್ತದೆ, ಚಿತ್ರವಿಲ್ಲ. ಪೋರ್ಟನ್ನು 30ರಲ್ಲಿ ಅನ್‌ಟ್ಯಾಗ್ಡ್ (ಸಂಖ್ಯೆಯ ಗುರುತಿಲ್ಲದೆ ಹೊರಡುವಂತೆ) ಮಾಡಿತ್ತು, ಪಿವಿಐಡಿ (ಗುರುತಿಲ್ಲದೆ ಒಳಬಂದದ್ದನ್ನು ಯಾವ ವಿಲ್ಯಾನಿಗೆ ಸೇರಿಸಬೇಕೆಂಬ ಸಂಖ್ಯೆ) ಮಾತ್ರ 1ರಲ್ಲೇ ಉಳಿದಿತ್ತು. ಹೊರಹೋಗುವುದು 30ರದ್ದು, ಒಳಬರುವುದು 1ಕ್ಕೆ. ಕಡಿಮೆ ಬೆಲೆಯ ಸ್ವಿಚ್‌ಗಳಲ್ಲಿ ಹಲವೆಡೆ ಇವೆರಡನ್ನೂ ಬೇರೆ ಬೇರೆ ಪುಟದಲ್ಲಿ ತುಂಬಬೇಕು.

ನಿಜವಾದ ಪೆಟ್ಟು ಬಿದ್ದದ್ದು ಮಧ್ಯಾಹ್ನ. ಪರೀಕ್ಷೆಗೆಂದು ಲ್ಯಾಬ್–ಆಫೀಸ್ ಫೈಬರ್ ಬಿಚ್ಚಿದೆವು. ಕಂಪ್ಯೂಟರುಗಳು ಕೂಡಲೇ ತರಗತಿಯ ದಾರಿ ಹಿಡಿದವು, ಲ್ಯಾಬಿನ ಕ್ಯಾಮೆರಾಗಳಷ್ಟೂ ಮಾಯ. ಲ್ಯಾಬ್–ತರಗತಿ ಲಿಂಕಿನಲ್ಲಿ 30ನ್ನು ಟ್ಯಾಗ್ (ಸಂಖ್ಯೆಯ ಗುರುತಿನೊಂದಿಗೆ ಸಾಗುವಂತೆ) ಮಾಡಿರಲಿಲ್ಲ. ಲೈಬ್ರರಿಯ ಲಿಂಕಿನಲ್ಲಿ 30 ಇತ್ತು, ಆದರೆ ಆರ್‌ಎಸ್‌ಟಿಪಿ ಅದನ್ನು ತಡೆದಿಟ್ಟಿತ್ತು. ಆರ್‌ಎಸ್‌ಟಿಪಿ ವಿಲ್ಯಾನ್ ನೋಡುವುದಿಲ್ಲ. ಎಲ್ಲಕ್ಕೂ ಸೇರಿ ಒಂದೇ ಮರ (ವರ್ತುಲವಿಲ್ಲದ ದಾರಿಗಳ ಜಾಲ) ಕಟ್ಟುತ್ತದೆ. ಹಾಗಾಗಿ ಸ್ವಿಚ್‌ಗಳ ನಡುವಿನ ಪ್ರತಿ ಲಿಂಕಿನಲ್ಲೂ, ಎರಡೂ ತುದಿಯಲ್ಲಿ, ಎಲ್ಲ ವಿಲ್ಯಾನೂ ಇರಲೇಬೇಕು. ಅಲ್ಲಿ ಬೇಕಾಗದು ಎಂದು ಒಂದನ್ನು ಬಿಟ್ಟರೆ, ಬೇಕಾಗುವುದು ಫೈಬರ್ ತುಂಡಾದ ದಿನವೇ.

ಇನ್ನೊಂದು: ತಡೆದಿಟ್ಟ ಲಿಂಕ್ ಬಿಚ್ಚಿ ನೋಡಿದರೆ ಏನೂ ತಿಳಿಯದು. ಲ್ಯಾಬ್–ಲೈಬ್ರರಿ ದಾರಿ ಪರೀಕ್ಷಿಸಲು ಲ್ಯಾಬಿನ ಉಳಿದೆರಡನ್ನೂ ಒಟ್ಟಿಗೆ ಬಿಚ್ಚಬೇಕಾಯಿತು.

ಸಂಜೆ ಮೈನ್ ಆಫ್ ಮಾಡಿ ಮತ್ತೆ ಹಾಕಿದಾಗ ತರಗತಿಯ ಸ್ವಿಚ್ ಬೆಳಗಿನ ಸ್ಥಿತಿಗೆ ಮರಳಿತ್ತು. ಅದೊಂದರಲ್ಲಿ ಸೇವ್ ಒತ್ತಿರಲಿಲ್ಲ. ಮತ್ತೆ ತುಂಬಿ, ಸೇವ್ ಮಾಡಿ, ಆರು ಲಿಂಕುಗಳ ಪೋರ್ಟ್ ಸಂಖ್ಯೆ ಬರೆದ ಹಾಳೆಯನ್ನು ನಾಲ್ಕೂ ರ್‍ಯಾಕಿನ ಬಾಗಿಲ ಒಳಗೆ ಅಂಟಿಸಿದೆವು.