ಗರಗದ ಖಾದಿಯ ಮೇಲೆ ಮಾತಿನ ಚಿಕಿತ್ಸೆಯ ಕಾಲರೇಖೆ: ಕೆಲಸ ಎಲ್ಲಿಗೆ ಬಂತು

ಮಳೆ ಹಿಂದೆ ಸರಿದ ಮೇಲೆ

ಬಟ್ಟೆ ಸಿದ್ಧವಾಗಿದೆ. ಗರಗದ ಖಾದಿ, ಎರಡು ಮೀಟರಿಗಿಂತ ತುಸು ಉದ್ದ. ಬರಿ ಖಾದಿಗೆ ಕುಂಚ ತಾಗಿಸಿದರೆ ಮಸಿ ನೂಲು ಹಿಡಿದು ಓಡುತ್ತದೆ. ಅದಕ್ಕೆ ಬಿಳಿ ಅಕ್ರಿಲಿಕ್ ಬಳಿದು, ಒಣಗಿಸಿ, ನಯವಾದ ಉಜ್ಜುಕಾಗದದಿಂದ ಒಮ್ಮೆ ಸವರಿ, ಮತ್ತೆ ಬಳಿದೆ. ಈಗ ಅಕ್ಷರದ ಅಂಚು ಒಡೆಯುವುದಿಲ್ಲ.

ಪಟ ಬೇಕೆಂದವಳು ಆಪ್ತಸಮಾಲೋಚನೆ ಕಲಿಯುತ್ತಿರುವ ತಂಗಿಯ ಮಗಳು. ಮನಶ್ಚಿಕಿತ್ಸೆಯನ್ನು, ಅಂದರೆ ಮಾತಿನಿಂದ ಮಾಡುವ ಚಿಕಿತ್ಸೆಯನ್ನು, ಕಲಿಸುವ ಸಂಸ್ಥೆಗಳು ಎಲ್ಲಿ, ಯಾವಾಗ ಹುಟ್ಟಿದವು ಎಂಬುದನ್ನು ತರಗತಿಯ ಗೋಡೆಯ ಮೇಲೆ ನೋಡುವಂತಿರಬೇಕು ಎಂದಳು. ಚಿತ್ರಕಲೆ ಮೇಷ್ಟರಾಗಿ ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಏನಿದೆ?

ಅಳತೆ ವರ್ಷಕ್ಕೆ ಒಂದು ಸೆಂಟಿಮೀಟರ್. ಮೂರು ಪಟ್ಟಿ: ಮೇಲೆ ಹೊರದೇಶ, ನಡುವೆ ಭಾರತ, ಕೆಳಗೆ ನಮ್ಮ ಧಾರವಾಡ. ಎಡ ತುದಿಯ ಮೊದಲ ಗುರುತು 1845. ಆ ವರ್ಷ ಇಲ್ಲಿ ಬ್ರಿಟಿಷರ ಹುಚ್ಚಾಸ್ಪತ್ರೆ ಶುರುವಾಯಿತು. ಇಂದು ಬೆಳಗಾವಿ ರಸ್ತೆಯಲ್ಲಿರುವ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಮೂಲ ಅದೇ. "ಅವನನ್ನು ಧಾರವಾಡಕ್ಕೆ ಸೇರಿಸಬೇಕು" ಎಂಬ ಕುಹಕವನ್ನು ಕೇಳದೆ ಬೆಳೆದವರು ಈ ಸೀಮೆಯಲ್ಲಿ ಕಡಿಮೆ.

ನವರಾತ್ರಿ ರಜೆಯಲ್ಲಿ

ಇಡೀ ಪಟದಲ್ಲಿ ಕೈ ತಡೆದದ್ದು 1920ರ ಹತ್ತಿರ. ಆ ವರ್ಷ ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗಾನ್ ಮತ್ತು ಕಾರ್ಲ್ ಅಬ್ರಹಾಂ ಮನೋವಿಶ್ಲೇಷಣೆಯ ಚಿಕಿತ್ಸಾಲಯ ತೆರೆದರು. ಮನಸ್ಸಿನ ಆಳದಲ್ಲಿ ಅಡಗಿದ್ದನ್ನು ಮಾತಿನಿಂದ ಹೊರತರುವ, ವಿಯೆನ್ನಾದ ವೈದ್ಯ ಫ್ರಾಯ್ಡನ ಪದ್ಧತಿ ಅದು. ಅದೇ ವರ್ಷ ಲಂಡನ್ನಿನಲ್ಲಿ ಟ್ಯಾವಿಸ್ಟಾಕ್ ಕ್ಲಿನಿಕ್. ಯುದ್ಧದಿಂದ ಮರಳಿದ ಸೈನಿಕರ ನಡುಕ, ನಿದ್ರೆಗೇಡು, ಮಾತು ನಿಂತುಹೋಗುವ ಕಾಯಿಲೆಗಳನ್ನು ಕಂಡ ವೈದ್ಯರು ಆಗ ಇಂಥದ್ದೊಂದರ ಅಗತ್ಯ ಮನಗಂಡಿದ್ದರು. ಎರಡು ವರ್ಷ ಬಿಟ್ಟು, 1922ರಲ್ಲಿ, ಕಲ್ಕತ್ತೆಯಲ್ಲಿ ವೈದ್ಯ ಗಿರೀಂದ್ರಶೇಖರ ಬೋಸರ ಭಾರತೀಯ ಮನೋವಿಶ್ಲೇಷಣಾ ಸಂಘ. ಎರಡೇ ಸೆಂಟಿಮೀಟರಿನೊಳಗೆ ಮೂರು ಹೆಸರು! ಗುರುತಿನಿಂದ ಓರೆಯಾಗಿ ಗೆರೆ ಎಳೆದು ಹೆಸರುಗಳನ್ನು ಪಕ್ಕಕ್ಕೆ ತಂದಿದ್ದೇನೆ.

ಬರ್ಲಿನ್‌ಗೆ ದಪ್ಪ ಅಕ್ಷರ ಕೊಟ್ಟದ್ದಕ್ಕೆ ಕಾರಣವಿದೆ. ಸಿದ್ಧಾಂತ ಓದಿದರೆ ಸಾಲದು, ಕಲಿಯುವವನು ತಾನೇ ವಿಶ್ಲೇಷಣೆಗೆ ಒಳಗಾಗಬೇಕು, ಅವನು ನೋಡುವ ರೋಗಿಗಳ ವಿಷಯವನ್ನು ಅನುಭವಿಯೊಬ್ಬರ ಮುಂದೆ ಒಪ್ಪಿಸಬೇಕು ಎಂಬ ಮೂರು ಕಾಲಿನ ಪದ್ಧತಿ ಗಟ್ಟಿಯಾದದ್ದು ಅಲ್ಲಿ. 1925ರಲ್ಲಿ ಜರ್ಮನಿಯ ಬಾಡ್ ಹೊಂಬುರ್ಗ್ ಊರಿನಲ್ಲಿ ನಡೆದ ಮನೋವಿಶ್ಲೇಷಕರ ಸಮ್ಮೇಳನದಲ್ಲಿ ಅದು ಬೇರೆಡೆಗೂ ಮಾದರಿಯಾಯಿತು. ಫ್ರಾಯ್ಡನನ್ನು ಒಪ್ಪದ ಪಂಥಗಳೂ ಮೂರನೆಯ ಕಾಲನ್ನು ಬಿಟ್ಟಿಲ್ಲ. ನನ್ನ ಮಟ್ಟಿಗೆ ಈ ಸಂಸ್ಥೆಗಳ ಇತಿಹಾಸವೆಂದರೆ ಅದೇ: ಕೇಳುವವನ ಕೆಲಸವನ್ನು ಇನ್ನೊಬ್ಬರು ಕೇಳುವ ಏರ್ಪಾಡು.

ಬೋಸರಿಗೆ ಆ ಅನುಕೂಲ ಎಲ್ಲಿತ್ತು? ಅವರಿಗೆ ಕಲಿಸುವವರು ಊರಲ್ಲಿ ಯಾರೂ ಇರಲಿಲ್ಲ. ಪುಸ್ತಕ ಓದಿ, ರೋಗಿಗಳನ್ನು ನೋಡಿ, ಫ್ರಾಯ್ಡ್ ಜೊತೆ ಪತ್ರ ಬರೆದುಕೊಂಡು ದಾರಿ ಮಾಡಿಕೊಂಡರು. ಫ್ರಾಯ್ಡ್ ಮುಖವನ್ನೇ ನೋಡದ ಜತೀಂದ್ರಕುಮಾರ ಸೇನ್ ಎಂಬ ಕಲಾವಿದರು ಊಹೆಯಿಂದ ಬರೆದ ಭಾವಚಿತ್ರವನ್ನು ಬೋಸರು ವಿಯೆನ್ನಾಕ್ಕೆ ಕಳಿಸಿದ್ದರು. ತನ್ನಂಥವನಿಗೆ ಇದು ಅತಿ ಚೆಂದವಾಯಿತು ಎಂಬರ್ಥದ ಉತ್ತರ ಬಂತಂತೆ. ಪಟಕ್ಕೆ ಇದು ಬೇಕಿಲ್ಲ, ಆದರೆ ಕುಂಚ ಹಿಡಿದವನು ಇಂಥದ್ದನ್ನು ಹೇಳದೆ ಇರಲಾರ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್‌ಗೂ ಒಂದು ಗುರುತು ಬಿದ್ದಿದೆ. 1940ರ ದಶಕದ ಆರಂಭದಲ್ಲಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅವರು ಸಮಾಲೋಚನೆಯ ಮಾತನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿದರು. ತಟ್ಟೆ ಕೆಲವೇ ನಿಮಿಷಕ್ಕೆ ತುಂಬುತ್ತಿತ್ತು, ಬದಲಿಸುತ್ತಲೇ ಇರಬೇಕು. ಅಲ್ಲಿಂದಾಚೆಗೆ ವಿದ್ಯಾರ್ಥಿ ಏನು ಹೇಳಿದೆನೆಂದು ನೆನಪಿನಿಂದ ಒಪ್ಪಿಸುವ ಬದಲು, ತಟ್ಟೆ ತಿರುಗಿಸಿದರೆ ಸಾಕಾಯಿತು.

ದೀಪಾವಳಿ ಕಳೆದು

ನಡುವಿನ ಪಟ್ಟಿ ಮುಗಿಯಿತು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿಕೊಂಡಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಮರುವರ್ಷ ತರಬೇತಿ, 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್.

ಜಗಳವೆದ್ದದ್ದು ಕೆಳಪಟ್ಟಿಯಲ್ಲಿ. 1845 ಆದ ಮೇಲೆ ನಾನು ಹಾಕಿದ ಮುಂದಿನ ಗುರುತು 1950, ಕರ್ನಾಟಕ ವಿಶ್ವವಿದ್ಯಾಲಯ ಮುಂಬೈಯಿಂದ ಧಾರವಾಡಕ್ಕೆ ಬಂದ ವರ್ಷ. ನಡುವೆ ಒಂದು ಮೀಟರಿಗೂ ಹೆಚ್ಚು ಬಿಳಿ ಬಟ್ಟೆ.

"ಮಾಮಾ, ಇಷ್ಟು ಖಾಲಿ ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಿದೆ ಎಂದುಕೊಳ್ಳುತ್ತಾರೆ. 1858ರ ಕಾಯ್ದೆ, 1912ರ ಕಾಯ್ದೆ ಬರೆಯಿರಿ."

"ಅವು ಯಾರನ್ನು ಒಳಗಿಡಬೇಕು, ಯಾರನ್ನು ಬಿಡಬೇಕು ಎನ್ನುವ ಕಾಯ್ದೆಗಳು, ತಂಗೀ. ಕಲಿಸುವುದಕ್ಕೂ ಅವಕ್ಕೂ ಏನು ಸಂಬಂಧ?"

ಅವಳು ಒಪ್ಪಿಲ್ಲ, ನಾನೂ ಬರೆದಿಲ್ಲ. ಗೋಡೆ ಎದ್ದು ನೂರು ವರ್ಷ ದಾಟಿದರೂ ಮಾತಾಡಿಸುವುದನ್ನು ಕಲಿಸುವ ಏರ್ಪಾಡು ಈ ಊರಿಗೆ ಬರಲಿಲ್ಲ ಎಂಬುದನ್ನು ಆ ಬಿಳಿಯೇ ಹೇಳಲಿ. ಡಿಮ್ಹಾನ್ಸ್ ಎಂಬ ಹೆಸರು ಬಂದದ್ದು 2009ರಲ್ಲಿ. ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಆ ನಂತರದ್ದು. ಎಲ್ಲವೂ ಬಲ ತುದಿಯ ಒಂದು ಗೇಣಿನೊಳಗೆ ಕೂತಿವೆ.

ಉಳಿದದ್ದು

1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಬರೆಯುವುದಿದೆ. ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ಅದರ ಕೈಯಲ್ಲಿರುವುದರಿಂದ ಇದಕ್ಕೆ ಜಾಗ ಕೊಡಲು ನನ್ನ ತಕರಾರಿಲ್ಲ. ಅಂಚು ಮಡಿಸಿ ಹೊಲಿಸಿ ಬಿದಿರಿನ ಕೋಲು ತೂರಿಸಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಯೂ ಇರಲಿ ಎಂದು ಹುಡುಗಿಯ ಹಟ. ಅದು ತರಬೇತಿಯಲ್ಲ, ಸಹಾಯವಾಣಿ. ಆದರೂ ಗೋಡೆ ನೋಡುವವರಲ್ಲಿ ಯಾರಿಗಾದರೂ ಬೇಕಾದೀತು. ರೇಖೆಯ ಹೊರಗೆ, ಬಲ ಅಂಚಿನಲ್ಲಿ, ಕೆಂಪಿನಲ್ಲಿ ಬರೆಯುತ್ತೇನೆ.