ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳುವ ಮೊದಲು ನೆಲಮಾಳಿಗೆಗೆ ಇಳಿದೆವು

ನಾವು ಮೊದಲು ಮೆಚ್ಚಿದ ಮನೆಯ ಹಿತ್ತಿಲಲ್ಲಿ, ಗೋಡೆಯ ಬುಡಕ್ಕೆ ಒತ್ತಿಕೊಂಡು, ತುಕ್ಕು ಹಿಡಿದ ಎರಡು ಪೈಪುಗಳು ನೆಲದಿಂದ ಗೇಣುದ್ದ ಮೇಲೆದ್ದಿದ್ದವು. ಮೂರು ಸಲ ಆ ಮನೆಗೆ ಹೋಗಿದ್ದರೂ ಅವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ನೋಡಿದ್ದು ಪೂರ್ವಕ್ಕಿದ್ದ ಬಾಗಿಲು, ಅಡುಗೆಮನೆಯ ಕಿಟಕಿಯಾಚೆಯ ಮೇಪಲ್ ಮರ, ಮಗಳಿಗೆಂದು ಮನಸ್ಸಿನಲ್ಲೇ ಗೊತ್ತು ಮಾಡಿಟ್ಟ ಮೂಲೆಯ ಕೋಣೆ. ಮನೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಒಳಗೆ ಕಾಲಿಡುವ ಮೊದಲು ಹೊರಗೆ ಒಂದು ಸುತ್ತು ಬಂದು ಆ ಪೈಪುಗಳ ಮುಂದೆ ನಿಂತುಬಿಟ್ಟರು. "ಇದರ ಕೆಳಗೆ ಎಣ್ಣೆ ಟ್ಯಾಂಕ್ ಇರಬಹುದು" ಎಂದರು.

ಇಲ್ಲಿನ ಬೀದಿಗಳಿಗೆ ಅನಿಲದ ಕೊಳವೆ ಬರುವ ಮುಂಚೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಎಷ್ಟೋ ಜನ ಎಣ್ಣೆ ಉರಿಸುತ್ತಿದ್ದರು. ನೂರಾರು ಗ್ಯಾಲನ್ ಹಿಡಿಯುವ ಉಕ್ಕಿನ ಟ್ಯಾಂಕನ್ನು ಅಂಗಳದಲ್ಲಿ ಹೂಳುತ್ತಿದ್ದರು. ಒಂದು ಪೈಪು ಎಣ್ಣೆ ತುಂಬಲು, ಇನ್ನೊಂದು ಗಾಳಿಗೆ. ಅನಿಲ ಬಂದ ಮೇಲೂ ಎಷ್ಟೋ ಕಡೆ ಟ್ಯಾಂಕು ಮಣ್ಣಿನಲ್ಲೇ ಉಳಿಯಿತು. ಉಕ್ಕು ತುಕ್ಕು ತಿಂದು ತೂತಾದರೆ ಎಣ್ಣೆ ಮಣ್ಣಿಗಿಳಿಯುತ್ತದೆ, ಕೆಲವೊಮ್ಮೆ ಅಂತರ್ಜಲಕ್ಕೂ. ಅದನ್ನು ಶುದ್ಧ ಮಾಡಿಸುವ ಹೊಣೆ, ಸೋರಿಕೆ ಯಾರ ಕಾಲದ್ದೇ ಆಗಿರಲಿ, ಕೊಂಡವರ ಹೆಗಲಿಗೂ ಬರುತ್ತದೆ. ಖರ್ಚು ಹತ್ತಾರು ಸಾವಿರ ಡಾಲರ್ ದಾಟಬಹುದು. ಅದಕ್ಕೇ ಹಳೆಯ ಮನೆ ಕೊಳ್ಳುವವರು ಲೋಹಶೋಧಕ ಹಿಡಿದವರನ್ನು ಕರೆಸಿ ಅಂಗಳ ಜಾಲಾಡಿಸುತ್ತಾರೆ. ನಾವೂ ಕರೆಸಿದೆವು. ಟ್ಯಾಂಕ್ ಇತ್ತು. ತೆಗೆಸಿಕೊಡಲು ಮಾರುವವರು ಒಪ್ಪಲಿಲ್ಲ. ಆ ಮನೆ ಬಿಟ್ಟೆವು. ಎರಡು ದಿನ ನನಗೆ ಊಟ ಸೇರಲಿಲ್ಲ.

ಊರಿನಲ್ಲಿ ಮನೆ ಕೊಳ್ಳುವಾಗ ನಾವು ಕಾಗದಪತ್ರಗಳನ್ನು ಎಷ್ಟು ಜಾಗ್ರತೆಯಿಂದ ನೋಡುತ್ತೇವೆ! ಖಾತೆ, ಋಣಭಾರ ಪತ್ರ, ಕಂದಾಯದ ರಸೀದಿ, ಮೂಲ ಕ್ರಯಪತ್ರ ಎಲ್ಲವನ್ನೂ ವಕೀಲರ ಮುಂದೆ ಹರಡುತ್ತೇವೆ. ಅದು ಸರಿಯೇ. ಆದರೆ ಗೋಡೆ, ತಾರಸಿ, ವೈರಿಂಗ್, ಕೊಳಾಯಿಗಳನ್ನು ಬಲ್ಲವರೊಬ್ಬರಿಂದ ಅರ್ಧ ದಿನ ಪರೀಕ್ಷೆ ಮಾಡಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಇಲ್ಲಿ ಕರಾರಿಗೆ ಸಹಿ ಬಿದ್ದ ಮೇಲೆ ಮೂರು ಕೆಲಸದ ದಿನ ವಕೀಲರ ಪರಿಶೀಲನೆ ನಡೆಯುತ್ತದೆ, ಆಮೇಲೆ ಕರಾರಿನಲ್ಲಿ ಬರೆದಷ್ಟು ದಿನ ಮನೆಯ ತಪಾಸಣೆ. ಇನ್‌ಸ್ಪೆಕ್ಟರಿಗೆ ರಾಜ್ಯದ ಪರವಾನಗಿ ಇರಬೇಕು, ಶುಲ್ಕ ಕೊಳ್ಳುವವರದು. ದಲ್ಲಾಳಿ ಹೇಳಿದವರನ್ನೇ ಕರೆಯಬೇಡಿ, ನೀವೇ ಹುಡುಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಾರಾಟ ಕುದುರಿದರೆ ಮಾತ್ರ ದಲ್ಲಾಳಿಗೆ ಹಣ. ನಿಮಗಾಗಿ ಮನೆ ನೋಡುವವರು ನಿಮ್ಮವರೇ ಆಗಿರಬೇಕು. 2021ರ ಸುಮಾರಿಗೆ ಮನೆಗಳಿಗೆ ನೂಕುನುಗ್ಗಲಾದಾಗ, ಮಾರುವವರನ್ನು ಒಲಿಸಿಕೊಳ್ಳಲು ಎಷ್ಟೋ ಮಂದಿ ತಪಾಸಣೆಯನ್ನೇ ಬಿಟ್ಟುಕೊಟ್ಟರು. ನಮ್ಮ ಬಳಗದವರೂ ಇದ್ದರು. ಮನೆ ಕೈತಪ್ಪಿದರೂ ಚಿಂತೆಯಿಲ್ಲ, ಅದೊಂದನ್ನು ಬಿಟ್ಟುಕೊಡಬೇಡಿ.

ಎರಡನೆಯ ಮನೆ 1962ರದು, ಬಾಗಿಲು ಪಶ್ಚಿಮಕ್ಕೆ. ಈ ಸಲ ನಾನು ಇನ್‌ಸ್ಪೆಕ್ಟರ್ ಬೆನ್ನಿಗೇ ನಾಲ್ಕು ಗಂಟೆ ಅಲೆದೆ. ಅವರು ಮೊದಲು ನೋಡಿದ್ದು ನೆಲದ ಇಳಿಜಾರು. ಮನೆಯಿಂದ ಹತ್ತು ಅಡಿ ಹೋಗುವಷ್ಟರಲ್ಲಿ ನೆಲ ಅರ್ಧ ಅಡಿಯಾದರೂ ತಗ್ಗಬೇಕು, ಇಲ್ಲದಿದ್ದರೆ ಮಳೆನೀರು ತಳಪಾಯಕ್ಕೇ ತಿರುಗುತ್ತದೆ ಎಂದರು. ಮಲೆನಾಡಿನಲ್ಲಿ ಹುಟ್ಟಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೆಲಮಾಳಿಗೆಯ ಗೋಡೆಯಲ್ಲಿ ಉಪ್ಪಿನಂಥ ಬಿಳಿಪುಡಿ ಇತ್ತು, ನೀರು ಒಸರಿ ಒಣಗಿದ ಗುರುತು. ಮೆಟ್ಟಿಲಿನಂತೆ ಓಡಿದ ಒಂದು ಬಿರುಕನ್ನು ತೋರಿಸಿ, ಇದಕ್ಕಿಂತ ಅಡ್ಡಡ್ಡ ಓಡುವ ಬಿರುಕಿಗೆ ಹೆಚ್ಚು ಹೆದರಬೇಕು, ಹೊರಗಿನ ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುತ್ತಿದೆ ಎಂದರ್ಥ ಎಂದು ವಿವರಿಸಿದರು. ಬಿಸಿನೀರಿನ ಹಂಡೆಯ ಮೇಲಿನ ಚೀಟಿ ಓದಿ ಅದರ ವಯಸ್ಸು ಬರೆದುಕೊಂಡರು. ಅಟ್ಟ, ಸ್ವಿಚ್ಚು, ಕಿಟಕಿಗಳನ್ನೆಲ್ಲ ವರದಿಯಲ್ಲಿ ಓದಿದರೂ ಸಾಕು. ನೆಲಮಾಳಿಗೆಗೆ ಮಾತ್ರ ನೀವೇ ಇಳಿಯಿರಿ.

ಹಿಂದಿನ ರಾತ್ರಿ ಸಾಗರದಿಂದ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಗೆದ್ದಲು ನೋಡಿಸುತ್ತೀಯಲ್ಲ ಮಗಳೇ?" ಇಲ್ಲಿನ ಮನೆಗಳ ಎಲುಬುಗೂಡೇ ಮರದ್ದು. ಕಾಂಕ್ರೀಟಿನ ತಳಪಾಯದ ಮೇಲೆ ಮರದ ಅಡ್ಡಪಟ್ಟಿ, ಅದರ ಮೇಲೆ ಉಳಿದದ್ದೆಲ್ಲ. ಇನ್‌ಸ್ಪೆಕ್ಟರ್ ಮಂಡಿಯೂರಿ ಟಾರ್ಚ್ ಬಿಟ್ಟು, ಗೇಣಿಗೊಂದು ಕಡೆ ಚೂಪಾದ ದಬ್ಬಳದಂಥದ್ದನ್ನು ಆ ಮರಕ್ಕೆ ಒತ್ತುತ್ತ ಹೋದರು. ಗಟ್ಟಿ, ಗಟ್ಟಿ, ಗಟ್ಟಿ. ಮೂಲೆಯಲ್ಲಿ ಮೊನೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಪಕ್ಕದಲ್ಲೇ ಪೆನ್ಸಿಲ್ ದಪ್ಪದ ಮಣ್ಣಿನ ಸಾಲು. ನಮ್ಮ ಹಳೆಯ ಮನೆಯಲ್ಲಿ ಅಪ್ಪ ಪ್ರತಿ ಮಳೆಗಾಲ ಕಳೆದ ಮೇಲೆ ಕಂಬಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಪೊಳ್ಳು ಸದ್ದಿಗಾಗಿ ಕಿವಿಗೊಡುತ್ತಿದ್ದುದು ಕಣ್ಣ ಮುಂದೆ ಬಂತು. ಗೆದ್ದಲು ಹಳೆಯದು, ಹಾನಿ ಎರಡು ಅಡಿಯಷ್ಟೇ. ಮಾರುವವರು ಮರ ಬದಲಿಸಿ ಔಷಧಿ ಹೊಡೆಸಿಕೊಟ್ಟರು.

ಕಣ್ಣಿಗೂ ಕಿವಿಗೂ ಸಿಗದ ಇನ್ನೊಂದಿತ್ತು: ರೇಡಾನ್. ಮಣ್ಣು ಮತ್ತು ಬಂಡೆಯಲ್ಲಿರುವ ಯುರೇನಿಯಂ ಕ್ಷಯಿಸುತ್ತ ಹುಟ್ಟುವ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ. ತಳಪಾಯದ ಸಂದಿನಿಂದ ಒಳಗೆ ಬಂದು ಬಾಗಿಲು ಮುಚ್ಚಿದ ಮನೆಯಲ್ಲಿ ಕೂಡಿಕೊಳ್ಳುತ್ತದೆ. ಧೂಮಪಾನವನ್ನು ಬಿಟ್ಟರೆ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಇದೇ ದೊಡ್ಡ ಕಾರಣ. 1984ರಲ್ಲಿ ನೆರೆಯ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಕೆಲಸಕ್ಕೆ ಒಳಗೆ ಬರುವಾಗಲೇ ವಿಕಿರಣದ ಎಚ್ಚರಿಕೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಸ್ಥಾವರ ಇನ್ನೂ ವಿದ್ಯುತ್ ಉತ್ಪಾದಿಸಲು ಆರಂಭಿಸಿರಲಿಲ್ಲ. ವಿಕಿರಣವನ್ನು ಅವರು ತಂದದ್ದು ಸ್ವಂತ ಮನೆಯಿಂದ! ಅಲ್ಲಿನ ಗಾಳಿಯಲ್ಲಿ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ (ವಿಕಿರಣ ಅಳೆಯುವ ಮಾನ) ರೇಡಾನ್ ಇತ್ತು. 4 ಮುಟ್ಟಿದರೆ ಕ್ರಮ ಕೈಗೊಳ್ಳಬೇಕು ಎಂಬುದು ಇಲ್ಲಿನ ಪರಿಸರ ಸಂಸ್ಥೆಯ ಮಾತು. ಅವರ ಮನೆಯ ಅಡಿಯ ಬಂಡೆಯ ಪಟ್ಟಿ ಉತ್ತರ ನ್ಯೂಜೆರ್ಸಿಯನ್ನೂ ಹಾದುಹೋಗುತ್ತದೆ.

ನಮ್ಮದು 6.8 ಬಂತು. ಕಿಟಕಿ ಬಾಗಿಲು ಮುಚ್ಚಿಟ್ಟು ಎರಡು ದಿನಕ್ಕೂ ಹೆಚ್ಚು ಕಾಲ ಇದ್ದಿಲಿನ ಡಬ್ಬಿಯೊಂದನ್ನು ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಪರಿಹಾರ ಸರಳ. ನೆಲ ಕೊರೆದು ಪೈಪು ಇಳಿಸಿ, ಫ್ಯಾನಿನಿಂದ ಅಡಿಯ ಗಾಳಿಯನ್ನು ಎಳೆದು ಮಾಡಿನ ಮೇಲೆ ಬಿಡುವುದು. ಮತ್ತೆ ಅಳೆದಾಗ 1.3. ಆ ಪೈಪಿನ ಮೇಲೆ ಇಂಗ್ಲಿಷಿನ ಯು ಆಕಾರದ ಪುಟ್ಟ ಗಾಜಿನ ನಳಿಕೆ ಇದೆ, ಒಳಗೆ ಕೆಂಪು ದ್ರವ. ಎರಡೂ ಕಡೆ ದ್ರವ ಒಂದೇ ಮಟ್ಟಕ್ಕೆ ನಿಂತಿದ್ದರೆ ಫ್ಯಾನ್ ನಿಂತಿದೆ ಎಂದರ್ಥ. ಬಟ್ಟೆ ಒಗೆಯಲು ಇಳಿದಾಗಲೆಲ್ಲ ಮೊದಲು ಅದನ್ನು ನೋಡುತ್ತೇನೆ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಅಪ್ಪನಿಗೂ ತೋರಿಸಿದೆ. ಮರುದಿನ ಬೆಳಗ್ಗೆ ನಾನು ಏಳುವ ಮುಂಚೆಯೇ ಅವರು ಕೆಳಗಿಳಿದು ನೋಡಿ ಬಂದು, "ಇವತ್ತೂ ಏರುಪೇರಾಗಿಯೇ ಇದೆ, ಸರಿಯಾಗಿದೆ" ಎಂದರು. ಆಮೇಲೆ ಬದಲಿಸಿದ ಮರದ ಮೂಲೆಗೆ ಹೋಗಿ, ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟರು.