26 ಕೆಜಿ ಚೀಲ, 300 ಗ್ರಾಂ ದೂರು

ದೂರು ಬಂದದ್ದು ಏಪ್ರಿಲ್ ಕೊನೆಗೆ, ವಾಟ್ಸಾಪ್ ಫೋಟೋ ರೂಪದಲ್ಲಿ. ಬೆಂಗಳೂರಿನ ಗೋಡೌನಿನ ಕಾಟಾ, ಅದರ ಮೇಲೆ ನಮ್ಮ ಮಿಲ್ಲಿನ ಸೋನಾ ಮಸೂರಿ ಚೀಲ. 26 ಇರಬೇಕಾದಲ್ಲಿ 25.700. ಒಂದಲ್ಲ, ಏಳೆಂಟು ಫೋಟೋ. ಎಲ್ಲದರಲ್ಲೂ ಅಷ್ಟೇ, ಅದರ ಆಜುಬಾಜು.

ಗಂಗಾವತಿ, ಕಾರಟಗಿ ಕಡೆಯ ಮಿಲ್ಲುಗಳಲ್ಲಿ 26ರ ಚೀಲ ಯಾಕೆ ಬಂತೆಂದು ಯಾರಿಗೂ ಹೇಳಬೇಕಿಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು, ಚೀಲ ಒಂದು ಕೆಜಿ ದಪ್ಪಗಾಯಿತು. ಆ ಒಂದು ಕೆಜಿ ತೆರಿಗೆ ಉಳಿಸಿತು, ತೂಕದ ಜಗಳವನ್ನೇನೂ ಕಡಿಮೆ ಮಾಡಲಿಲ್ಲ.

ಫೋಟೋ ನೋಡಿದ ಕೂಡಲೇ ಎಲ್ಲರ ಬೆರಳೂ ಬ್ಯಾಗಿಂಗ್ ಮಷೀನಿನ ಕಡೆ ತಿರುಗಿತು. ಮೊದಲು ತಿರುಗಿದ್ದು ನನ್ನದೇ. ಕ್ವಾಲಿಟಿ ಇನ್‌ಚಾರ್ಜ್ ಅಂತ ನಾನು ಅವತ್ತೇ ಆರ್ಡರ್ ಹಾಕಿದೆ: ಪ್ರತಿ ಚೀಲವನ್ನೂ ಪ್ಲಾಟ್‌ಫಾರ್ಮ್ ಕಾಟಾದ ಮೇಲೆ ಇಡಬೇಕು, ಎಷ್ಟು ಹೆಚ್ಚು ಬಂತೋ ಅಷ್ಟನ್ನು ಸೆಟ್ ಪಾಯಿಂಟಿನಿಂದ (ಮಷೀನಿಗೆ ಕೊಟ್ಟ ಗುರಿ ತೂಕದಿಂದ) ಇಳಿಸಬೇಕು, ಎಷ್ಟು ಕಡಿಮೆಯೋ ಅಷ್ಟು ಏರಿಸಬೇಕು. 40 ಗ್ರಾಂ ಹೆಚ್ಚು ಬಂದರೆ 40 ಇಳಿಸು, 25 ಕಡಿಮೆ ಬಂದರೆ 25 ಏರಿಸು. ರಿಜಿಸ್ಟರಿನಲ್ಲಿ ಎರಡು ಸಹಿ. ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ, ಹೀಗಾಗಿ ಅವರು ಮೊದಲ ತಾಸಿನಲ್ಲೇ ಗೊಣಗಿದರು. ಆಪರೇಟರ್ ಮಾತ್ರ ಒಂದು ಮಾತು ಹೇಳಿದ: "ಸರ, ಇದು ಒಂದಕ್ಕೊಂದು ಹಿಂದ್ ಮುಂದ್ ಹೊಂಟೈತ್ರಿ." ಅದನ್ನು ಸೋಮಾರಿತನ ಅಂದುಕೊಂಡೆ.

ನಾಲ್ಕನೇ ದಿನ ರಾತ್ರಿ ಲೋಡಿಂಗಿಗೆ ಖರೀದಿದಾರರ ಕಡೆಯವರು ತಾವೇ ಬಂದು ನಿಂತರು. ಅರ್ಧ ತುಂಬಿದ ಲಾರಿ, ಬೀಡಿ ಹಚ್ಚಿಕೊಂಡು ನಿಂತ ಡ್ರೈವರ್, ಸುಮ್ಮನೆ ಕೂತ ಹಮಾಲರು. ಹತ್ತು ಚೀಲ ಅವರೇ ಆರಿಸಿದರು. ಖಾಲಿ ಚೀಲದ ತೂಕ 110 ಗ್ರಾಂ ಕಳೆದು ಓದಬೇಕು. ಮೊದಲನೆಯದು 26.070. ಎರಡನೆಯದು 26.010. ಮೂರನೆಯದು 25.965. ಕಾಟಾದ ಕೊನೆ ಅಂಕಿ ನಿಲ್ಲುವತನಕದ ಆ ಮೂರ್ನಾಲ್ಕು ಸೆಕೆಂಡು ಇದೆಯಲ್ಲ, ಅದಕ್ಕಿಂತ ಉದ್ದನೆಯ ಸಮಯ ಮಿಲ್ಲಿನಲ್ಲಿ ಇನ್ನೊಂದಿಲ್ಲ. ಹತ್ತರಲ್ಲಿ ಎರಡು 26ರ ಕೆಳಗೆ. ಪ್ರತಿ ಚೀಲ ತೂಗಿ, ತಿದ್ದಿ, ಎರಡು ಸಹಿ ಹಾಕಿದ ಮೇಲೆ ಈ ಫಲ. ರಿಜಿಸ್ಟರ್ ತೋರಿಸಲು ಹೋದೆ. "ಸಹಿ ತೂಗ್ಲಿಕ್ಕೆ ಬರಂಗಿಲ್ರಿ" ಅಂದರು.

ಆಪರೇಟರ್ ಹೇಳಿದ್ದೇ ಖರೆ. ಅಕ್ಕಿಯನ್ನು ಚೀಲಕ್ಕೆ ಬಿಡುವ ಮೊದಲೇ ತೂಗುವ ನೆಟ್ ವೇಯರ್‌ನಲ್ಲಿ ಅಕ್ಕಿ ಮೊದಲು ದೊಡ್ಡ ಗೇಟಿನಿಂದ ಸುರಿಯುತ್ತದೆ, ಕೊನೆಯ ಒಂದೆರಡು ಕೆಜಿ ಸಣ್ಣ ಗೇಟಿನಿಂದ. ಗೇಟು ಮುಚ್ಚಿದ ಮೇಲೂ ಗಾಳಿಯಲ್ಲಿರುವ ಅಕ್ಕಿ ಬೀಳುತ್ತಲೇ ಇರುತ್ತದೆ. ನುಚ್ಚು ಹೆಚ್ಚಿದ್ದರೆ ಒಂದು ತರಹ, ಮೇಲಿನ ಹಾಪರ್ ಅರ್ಧಕ್ಕಿಳಿದರೆ ಇನ್ನೊಂದು ತರಹ. ಹತ್ತಾರು ಸಣ್ಣ ಕಾರಣ ಸೇರಿ ಚೀಲದಿಂದ ಚೀಲಕ್ಕೆ ಅಷ್ಟಿಷ್ಟು ಆಡುತ್ತದೆ. ಅದು ಮಷೀನಿನ ಹುಟ್ಟುಗುಣ. ಈ ಚೀಲ 40 ಗ್ರಾಂ ಹೆಚ್ಚು ಬಂತೆಂದರೆ ಮುಂದಿನದೂ ಹೆಚ್ಚೇ ಬರುತ್ತದೆ ಎಂದೇನಿಲ್ಲ. ನಾನು 40 ಇಳಿಸಿದೆ. ಮುಂದಿನ ಚೀಲ ತನ್ನ ಗುಣಕ್ಕೆ 30 ಕಡಿಮೆ ಬರುವುದಿತ್ತು, ಬಂದದ್ದು 70 ಕಡಿಮೆ.

ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಇದನ್ನೇ ಒಂದು ಲಾಳಿಕೆ, ಒಂದು ಗೋಲಿ ಇಟ್ಟುಕೊಂಡು ತೋರಿಸುತ್ತಿದ್ದರು. ಮೇಜಿನ ಮೇಲೆ ಒಂದು ಗುರುತು, ಅದರ ನೇರಕ್ಕೆ ಲಾಳಿಕೆ. ಗೋಲಿ ಬಿಟ್ಟಾಗಲೆಲ್ಲ ಗುರುತಿನ ಸುತ್ತ ಎಲ್ಲೋ ನಿಲ್ಲುತ್ತದೆ. ಎಷ್ಟು ತಪ್ಪಿತೋ ಅಷ್ಟು ಲಾಳಿಕೆಯನ್ನು ಎದುರು ದಿಕ್ಕಿಗೆ ಸರಿಸುತ್ತ ಹೋದರೆ ಚದುರುವಿಕೆಯ ವೇರಿಯನ್ಸ್ (ಸರಾಸರಿಯಿಂದಾದ ಅಂತರಗಳ ವರ್ಗಗಳ ಸರಾಸರಿ) ಎರಡು ಪಟ್ಟಾಗುತ್ತದೆ. ಅದರ ವರ್ಗಮೂಲ ಸ್ಟ್ಯಾಂಡರ್ಡ್ ಡೀವಿಯೇಷನ್‌ನಲ್ಲಿ ಹೇಳುವುದಾದರೆ 1.41 ಪಟ್ಟು. ಇದಕ್ಕೆ ಅವರಿಟ್ಟ ಹೆಸರು ಟ್ಯಾಂಪರಿಂಗ್. ಟ್ರೈನಿಂಗಿನಲ್ಲಿ ಈ ಆಟ ಆಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಮರುದಿನ ಗುಂಡಿ ಮುಟ್ಟುವುದನ್ನು ನಿಲ್ಲಿಸಿ ಕಂಟ್ರೋಲ್ ಚಾರ್ಟ್ ಶುರು ಮಾಡಿದೆವು. ಅರ್ಧ ತಾಸಿಗೊಮ್ಮೆ ಸಾಲಾಗಿ ಐದು ಚೀಲ, ಒಟ್ಟು 20 ಗುಂಪು, 100 ಚೀಲ. ಗುಂಪಿನೊಳಗಿನ ಅತಿ ಹೆಚ್ಚು, ಅತಿ ಕಡಿಮೆ ತೂಕದ ಅಂತರ ಸರಾಸರಿ 70 ಗ್ರಾಂ ಬಂತು. ಐದರ ಗುಂಪಿಗೆ ಅದನ್ನು ಕೋಷ್ಟಕದ ಸ್ಥಿರಾಂಕ 2.326ರಿಂದ ಭಾಗಿಸಿದರೆ ಸಿಗ್ಮಾ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 30 ಗ್ರಾಂ. ಗುಂಪಿನ ಸರಾಸರಿಯ ಚುಕ್ಕೆಗಳು ದಾಟಬಾರದ ಗೆರೆಗಳು 0.577 ಗುಣಿಸು 70, ಅಂದರೆ ನಡುಗೆರೆಯಿಂದ ಮೇಲೆ ಕೆಳಗೆ 40 ಗ್ರಾಂ. ಅಂತರದ ಮೇಲ್ಗೆರೆ 2.114 ಗುಣಿಸು 70, ಅಂದರೆ 148. ಸರಾಸರಿ 26.050ರಲ್ಲಿತ್ತು. ಈ ಲೆಕ್ಕದಲ್ಲಿ ನೂರಕ್ಕೆ ಐದು ಚೀಲ 26ರ ಕೆಳಗೆ ಹೋಗುತ್ತವೆ. ನನ್ನ "ತಿದ್ದುಪಡಿ"ಯಿಂದ ಸಿಗ್ಮಾ 42 ಆಯಿತೆಂದರೆ ನೂರಕ್ಕೆ ಹನ್ನೆರಡು ಹೋಗುತ್ತವೆ. ಆ ರಾತ್ರಿ ಹತ್ತರಲ್ಲಿ ಎರಡು ಸಿಕ್ಕದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಪ್ಪತ್ತರಲ್ಲಿ ಒಂದೇ ಒಂದು ಗುಂಪು ಗೆರೆ ದಾಟಿತು: ಅಂತರ 190. ಇದಕ್ಕೆ ಕಾರಣ ಇದ್ದೇ ಇರಬೇಕು, ಇತ್ತು ಕೂಡ. ಕಪ್ಪು ಕಾಳು ಹೆಚ್ಚಿದ್ದ ಲಾಟ್ ಬಂದಾಗ ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಮಷೀನಿನ ಇಜೆಕ್ಟರುಗಳು (ಕೆಟ್ಟ ಕಾಳನ್ನು ಊದಿ ಹಾರಿಸುವ ನಳಿಕೆಗಳು) ಹೆಚ್ಚು ಗಾಳಿ ಬಳಸುತ್ತವೆ. ಅದೇ ಕಂಪ್ರೆಸರ್ ಲೈನಿನಲ್ಲಿದ್ದ ಬ್ಯಾಗಿಂಗ್ ಗೇಟಿಗೆ ಒತ್ತಡ ಸಾಲದೆ ಮುಚ್ಚುವುದು ತಡ. ಬ್ಯಾಗಿಂಗಿಗೆ ಒಂದು ಸಣ್ಣ ಏರ್ ಟ್ಯಾಂಕ್, ಗಾಳಿ ಹಿಂದಕ್ಕೆ ಹೋಗದಂತೆ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿಸಿದೆವು, ಮುಗಿಯಿತು. 1924ರಲ್ಲಿ ಅಮೆರಿಕದ ವಾಲ್ಟರ್ ಶೆವಾರ್ಟ್ ಮೊದಲ ಕಂಟ್ರೋಲ್ ಚಾರ್ಟ್ ಬರೆದದ್ದೇ ಇದಕ್ಕೆ: ಯಾವುದನ್ನು ಹುಡುಕಿಕೊಂಡು ಹೋಗಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಅಂತ ಬೇರೆ ಮಾಡಲಿಕ್ಕೆ.

ಆದರೆ ನಿಜವಾಗಿ ಚುಚ್ಚಿದ್ದು ಚಾರ್ಟ್ ಹೇಳಿದ ಇನ್ನೊಂದು ಮಾತು. 26.050 ಸರಾಸರಿ, ಸಿಗ್ಮಾ 30. ಈ ಮಷೀನು 25.700ರ ಚೀಲ ಕೊಡಬೇಕೆಂದರೆ ಹನ್ನೊಂದು ಸಿಗ್ಮಾ ಆಚೆ ಹೋಗಬೇಕು. ಅದು ಆಗದ ಮಾತು. ಗೇಟು ತಡವಾಗಿ ಮುಚ್ಚಿದರೆ ತೂಕ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಂದರೆ ಫೋಟೋದಲ್ಲಿದ್ದ ದೂರಿಗೂ ಬ್ಯಾಗಿಂಗಿಗೂ ಸಂಬಂಧವೇ ಇರಲಿಲ್ಲ. ಕೈಗೆ ಸಿಗುವ ಗುಂಡಿ ಅಲ್ಲಿತ್ತು, ಅದಕ್ಕೇ ನಾವು ಅಲ್ಲಿಗೆ ಹೋದೆವು.

ಹಾಗಾದರೆ ಆ 300 ಗ್ರಾಂ ಎಲ್ಲಿ ಹೋಯಿತು? ನೀರಿನ ಲೆಕ್ಕ ಮಾಡಿ ನೋಡಿ. ಶೇ 14 ತೇವದ 26 ಕೆಜಿ ಅಕ್ಕಿಯಲ್ಲಿ ಒಣ ಅಂಶ 22.360 ಕೆಜಿ. ತೇವ 13ಕ್ಕೆ ಇಳಿದರೆ ಅದೇ ಒಣ ಅಂಶದ ಒಟ್ಟು ತೂಕ 22.360 ಭಾಗಿಸು 0.87, ಅಂದರೆ 25.701. ಫೋಟೋದ ಅಂಕಿಯೇ! ಬೇಸಿಗೆಯ ಒಣ ಗಾಳಿಗೆ ನೇಯ್ದ ಪ್ಲಾಸ್ಟಿಕ್ಕಿನ (ಪಿಪಿ) ಚೀಲ ಒಂದು ಅಡ್ಡಿಯೇ ಅಲ್ಲ. ಥಪ್ಪಿಯ (ಚೀಲಗಳ ಅಟ್ಟಿಯ) ಹೊರಸಾಲು ಮೊದಲು ಒಣಗುತ್ತದೆ, ಒಳಸಾಲು ನಿಧಾನ. ಕೇಳಿ ನೋಡಿದೆವು: ಅವರು ತೂಗಿದ್ದೆಲ್ಲ ಬಾಗಿಲ ಕಡೆಯ ಹೊರಸಾಲಿನ ಚೀಲ.

ಹಾಗಾದರೆ ನಮ್ಮಲ್ಲಿ 13.4 ತೋರಿಸುತ್ತಿದ್ದ ತೇವದ ಮೀಟರ್? ಮಾದರಿಯನ್ನು ಅಕ್ಕಿಗೆ ಹೊಳಪು ಕೊಡುವ ಸಿಲ್ಕಿ ಪಾಲಿಷರಿನ ಬಾಯಲ್ಲೇ ಬಿಸಿಬಿಸಿ ತೆಗೆಯುತ್ತಿದ್ದರು. ಅಲ್ಲಿ ನೀರಿನ ಮಂಜು ಹೊಡೆಯುತ್ತದೆ, ಅಕ್ಕಿ ಕೈಗೆ ಸುಡುತ್ತದೆ. ಆ ಬಿಸಿಯಲ್ಲಿ ಮೀಟರಿನ ಓದನ್ನು ನಂಬಲಿಕ್ಕಾಗದು. ಅದೇ ಲಾಟನ್ನು ಮುಚ್ಚಿದ ಡಬ್ಬಿಯಲ್ಲಿ ತಣಿಸಿ, ಪುಡಿ ಮಾಡಿ, 5 ಗ್ರಾಂ ತೂಗಿ, 130 ಡಿಗ್ರಿ ಓವನ್‌ನಲ್ಲಿ ಎರಡು ತಾಸಿಟ್ಟು ಮತ್ತೆ ತೂಗಿದಾಗ ಬಂದದ್ದು 14.1. ಆಫೀಸಿನ ಗೋಡೆಯ ಮೇಲೆ ಐಎಸ್ಒ 9001 ಗುಣಮಟ್ಟದ ಸರ್ಟಿಫಿಕೇಟಿನ ಪಕ್ಕದಲ್ಲೇ ಗುಣಮಟ್ಟ ನಿರ್ವಹಣೆಯ ಏಳು ತತ್ವಗಳ ಪೋಸ್ಟರ್ ಇದೆ. ಆಧಾರ ನೋಡಿ ನಿರ್ಧರಿಸಿ ಅನ್ನುವುದು ಅದರಲ್ಲೊಂದು. ಅದರ ಕೆಳಗೇ ಕೂತು ನಾನು ಎರಡು ಸಹಿಯ ಆರ್ಡರ್ ಬರೆದದ್ದು.

ಈಗ ಅಕ್ಕಿ ಒಂದು ರಾತ್ರಿ ಬಿನ್ನಿನಲ್ಲಿ ತಣಿದ ಮೇಲೇ ಚೀಲಕ್ಕೆ. ಮೀಟರಿಗೆ ತಣ್ಣಗಿನ ಮಾದರಿ, ವಾರಕ್ಕೊಮ್ಮೆ ಓವನ್ ಜತೆ ತಾಳೆ. ಡಿಸ್ಪ್ಯಾಚ್ ಚೀಟಿಯಲ್ಲಿ ತೂಕದ ಜತೆ ತೇವವೂ. ಸೆಟ್ ಪಾಯಿಂಟ್ ಮುಟ್ಟುವುದು ಎರಡೇ ಸಂದರ್ಭದಲ್ಲಿ: ಚುಕ್ಕೆ ಗೆರೆ ದಾಟಿದರೆ, ಇಲ್ಲವೇ ಸತತ ಎಂಟು ಚುಕ್ಕೆ ನಡುಗೆರೆಯ ಒಂದೇ ಕಡೆ ಕೂತರೆ. ಅದೂ ಕಾರಣ ಹುಡುಕಿದ ಮೇಲೆ. ಎರಡು ಸಹಿಯ ಕಾಲಂ ಮಾತ್ರ ಹಾಗೇ ಉಳಿದಿದೆ, ಆಡಿಟಿನವರಿಗೆ ಅದು ಬೇಕಂತೆ.

ಉಳಿದದ್ದು ಮಿಲ್ಲಿನ ಮಾಲೀಕರಾದ ಸಾಹುಕಾರರ ಪ್ರಶ್ನೆ. 13ರ ತೇವದಲ್ಲಿ ಚೀಲ ಕಟ್ಟೋಣ ಎಂದೆ. ಅವರು ಕ್ಯಾಲ್ಕುಲೇಟರ್ ತೆಗೆದರು: ಚೀಲಕ್ಕೆ 300 ಗ್ರಾಂ, ದಿನಕ್ಕೆ 1,500 ಚೀಲ, 450 ಕೆಜಿ. "ದಿನಾ ಹದಿನೇಳು ಚೀಲ ಗಾಳಿಗೆ ಬಿಡಾಣೇನು?" ಆ ನೀರನ್ನು ಅಕ್ಕಿಯ ರೇಟಿಗೆ ಮಾರುತ್ತಿದ್ದೇವೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೊನೆಗೆ 13.5ಕ್ಕೆ ಒಪ್ಪಿದರು. ಖರೀದಿದಾರರ ಫೋಟೋಗಳು ಈಗಲೂ ಬರುತ್ತವೆ, 25.850ರ ಸುತ್ತ.